ನಿಂಬರ್ಗಾದ ಮಂಗಳವಾರಗಳು

ಮೊದಲ ಫೋನ್ ಬಂದಾಗ ನಾನು ಜೇವರ್ಗಿ ಕೇಂದ್ರದಲ್ಲಿ ಪ್ರಿಂಟರ್‌ನ ಹೊಟ್ಟೆಯೊಳಗೆ ಕೈ ಹಾಕಿಕೊಂಡು ಕೂತಿದ್ದೆ. ಸಿಕ್ಕಿಕೊಂಡಿದ್ದ ಕಾಗದ ಅರ್ಧ ಹೊರಗೆ ಬಂದಿತ್ತು, ಅರ್ಧ ಒಳಗೇ ಹರಿದುಹೋಗಿತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದೆ.

"ಸರ್ರ, ನಿಂಬರ್ಗಾದಿಂದ ಮಾತಾಡಾಕತ್ತೇನ್ರಿ. ಸ್ಕ್ಯಾನ್ ಮಾಡಿದ ಫೈಲ್ ಮ್ಯಾಲೆ ಹಾಕಾಕ ಹೋದ್ರ ಅನುಮತಿ ಇಲ್ಲ ಅನ್ನಾಕತ್ತದ್ರಿ. ಪೆನ್‌ಡ್ರೈವ್ ಸುದ್ದಾ ತೆರೀವಲ್ದು. ಇಲ್ಲಿ ಮಂದಿ ಕೂತಾರ್ರಿ."

"ಆಫ್ ಮಾಡಿ ಆನ್ ಮಾಡ್ರಿ ಬಾಯಾರ" ಎಂದೆ. ನಮ್ಮ ಕೆಲಸದಲ್ಲಿ ಏನೂ ತೋಚದಾಗ ಹೇಳುವ ಮಾತು ಇದು. ತೋಚಿದಾಗಲೂ ಮೊದಲು ಇದನ್ನೇ ಹೇಳುತ್ತೇವೆ. ಈ ಮಾತೇ ನನ್ನನ್ನು ಮೂರು ವಾರ ಅಲೆದಾಡಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಾನು ನೋಡಿಕೊಳ್ಳುವುದು ಒಂದು ಸೇವಾಸಂಸ್ಥೆಯ ಹಳ್ಳಿ ಕೇಂದ್ರಗಳ ಕಂಪ್ಯೂಟರ್‌ಗಳನ್ನು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ನನ್ನ ಪಾಲಿಗೆ. ಜನ ತಮ್ಮ ಕಾಗದಪತ್ರ ತಂದುಕೊಡುತ್ತಾರೆ, ಕೇಂದ್ರದ ಆಪರೇಟರ್ ಅವನ್ನು ಸ್ಕ್ಯಾನ್ ಮಾಡಿ ಸರ್ಕಾರಿ ಜಾಲತಾಣಕ್ಕೆ ಅರ್ಜಿ ಹಾಕುತ್ತಾರೆ. ಪಿಂಚಣಿ, ವಿದ್ಯಾರ್ಥಿವೇತನ, ಅಂಗವಿಕಲರ ಗುರುತಿನ ಚೀಟಿ, ಎಲ್ಲ ಇಲ್ಲೇ. ಯಂತ್ರಗಳು ಹಳೆಯವು. ಅವುಗಳಲ್ಲಿ ಲಿನಕ್ಸ್ ಎಂಬ ಹಗುರ ಕಾರ್ಯವ್ಯವಸ್ಥೆ ಹಾಕಿ ಬದುಕಿಸಿಟ್ಟವನು ನಾನು ಎಂಬ ಸಣ್ಣ ಜಂಬವೂ ನನಗಿತ್ತು.

ಮರುದಿನ ಬುಧವಾರ ನಿಂಬರ್ಗಾಕ್ಕೆ ಹೋದೆ. ಜೇವರ್ಗಿಯಿಂದ ಕಲಬುರಗಿ, ಅಲ್ಲಿಂದ ಇನ್ನೊಂದು ಬಸ್ಸು. ಕೇಂದ್ರ ಇರುವುದು ಒಂದು ಹಿಟ್ಟಿನ ಗಿರಣಿಯ ಮಗ್ಗುಲ ಕೋಣೆಯಲ್ಲಿ. ಗಿರಣಿ ನಡೆಯುವಾಗ ಗೋಡೆ ನಡುಗುತ್ತದೆ, ಮಾತು ಕೂಗಿ ಆಡಬೇಕು, ಕೀಬೋರ್ಡಿನ ಸಂದಿಯಲ್ಲೆಲ್ಲ ಜೋಳದ ಹಿಟ್ಟು. ಆಪರೇಟರ್ ಅದೇ ಊರಿನ ಮುಸ್ಲಿಂ ಮನೆತನದ ಹೆಣ್ಣುಮಗಳು. ಊರವರು ಬಾಯಿ ಎಂದೇ ಕರೆಯುತ್ತಾರೆ. ನಾನು ಹೋಗುವ ಹೊತ್ತಿಗೆ ಅವರು ಯಾರದೋ ಅರ್ಜಿಯನ್ನು ಸಲೀಸಾಗಿ ಕಳಿಸುತ್ತಿದ್ದರು.

"ಈಗ ನಡ್ಯಾಕತ್ತದಲ್ರಿ?"

"ಈಗ ನಡೀತದ್ರಿ. ನಿನ್ನಿ ಮುಂಜಾನೆ ನಡೀಲಿಲ್ಲ."

ದೋಷ ಕಣ್ಣೆದುರು ಇಲ್ಲದಿದ್ದರೆ ರಿಪೇರಿಯವನಷ್ಟು ದಿಕ್ಕೆಟ್ಟವನು ಇನ್ನೊಬ್ಬನಿಲ್ಲ. ಆದರೂ ಕೂತೆ. ಈಗಿನ ಲಿನಕ್ಸ್‌ನಲ್ಲಿ ಬ್ರೌಸರ್‌ನಂಥ ಆ್ಯಪ್‌ಗಳು ತಮ್ಮದೇ ಒಂದು ಕೋಣೆಯೊಳಗೆ ಇರುತ್ತವೆ. ಯಾವ ಫೋಲ್ಡರ್ ಮುಟ್ಟಬಹುದು, ಪೆನ್‌ಡ್ರೈವ್ ಓದಬಹುದೋ ಇಲ್ಲವೋ ಎಂಬುದಕ್ಕೆಲ್ಲ ಬೇರೆ ಬೇರೆ ಅನುಮತಿ. ಬಾಗಿಲಲ್ಲಿ ಆ್ಯಪ್‌ಆರ್ಮರ್ ಎಂಬ ಕಾವಲುಗಾರ. ಅನುಮತಿ ಇಲ್ಲದ್ದನ್ನು ಮುಟ್ಟಲು ಹೋದರೆ ತಡೆದು, ತಡೆದೆ ಎಂದು ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತಾನೆ. ಹಿಂದಿನ ದಿನದ ಲಾಗ್ ತೆರೆಯಲು ಹೋದೆ. ಇರಲಿಲ್ಲ. ಹಳೆಯ ಡಿಸ್ಕ್ ಬೇಗ ಸವೆಯಬಾರದೆಂದು ಲಾಗನ್ನು ಮೆಮೊರಿಯಲ್ಲಷ್ಟೇ ಇಡುವಂತೆ ಮಾಡಿದ್ದವನು ನಾನೇ. ಯಂತ್ರ ಆಫ್ ಆದರೆ ಲಾಗ್ ಅಳಿಸಿಹೋಗುತ್ತದೆ.

ಅನುಮತಿಗಳ ಪಟ್ಟಿ ನೋಡಿದೆ, ಎಲ್ಲ ಸರಿಯಾಗಿತ್ತು. ಇರಲಿ ಎಂದು ಪೆನ್‌ಡ್ರೈವ್ ಅನುಮತಿಯನ್ನು ತೆಗೆದು ಮತ್ತೆ ಕೊಟ್ಟೆ. ಕಾವಲಿನ ನಿಯಮಗಳನ್ನು ಹೊಸದಾಗಿ ಓದಿಸಿದೆ. ಬ್ರಷ್ ತೆಗೆದುಕೊಂಡು ಫ್ಯಾನಿನ ಹಿಟ್ಟನ್ನೂ ಝಾಡಿಸಿದೆ, ಯಾಕೆಂದರೆ "ಅವತ್ತು ಮುಂಜಾನೆ ಫ್ಯಾನ್ ಭಾಳ ಒದರಾಕತ್ತಿತ್ರಿ" ಎಂದು ಬಾಯಿ ಹೇಳಿದ್ದರು. ಆ ಮಾತನ್ನು ನಾನು ಹಿಟ್ಟಿನ ಲೆಕ್ಕಕ್ಕೆ ಹಾಕಿ ಮರೆತೆ.

ಮುಂದಿನ ವಾರ ಮತ್ತೆ ಫೋನ್. ನಾನು ಅಫಜಲಪುರದಲ್ಲಿದ್ದೆ. "ಇವತ್ತೂ ಹಂಗ ಆಗ್ಯದ್ರಿ, ಸರ್ರ." ಆಫ್ ಮಾಡಿ ಆನ್ ಮಾಡ್ರಿ ಎಂದು ಮತ್ತೆ ಹೇಳಿ, ಕೈಯಲ್ಲಿದ್ದ ಕೆಲಸ ಅರ್ಧಕ್ಕೇ ಬಿಟ್ಟು ಹೊರಟೆ. ಬಸ್ಸು ದಾರಿಯಲ್ಲಿ ಎರಡು ಸಲ ನಿಂತಿತು. ನಿಂಬರ್ಗಾ ಮುಟ್ಟುವಾಗ ಮಧ್ಯಾಹ್ನ ಮೂರು ದಾಟಿತ್ತು. ಯಂತ್ರ ತೊಟ್ಟಿಲ ಕೂಸಿನ ಹಾಗೆ ಸುಮ್ಮನಿತ್ತು. ಫೈಲ್ ತೆರೆಯಿತು, ಪೆನ್‌ಡ್ರೈವ್ ತೆರೆಯಿತು, ಅರ್ಜಿ ಹೋಯಿತು.

"ಊಟಕ್ಕ ಹೋಗುಮಟ ಕೆಟ್ಟಿತ್ರಿ. ಊಟ ಮಾಡಿ ಬಂದು ನೋಡ್ತೇನಿ, ತಾನಾಗೇ ಸರಿ ಆಗ್ಯದ. ನೀವು ಹೇಳಿದಂಗ ಎರಡು ಸಲ ಆಫ್ ಮಾಡಿ ಆನ್ ಮಾಡೀನ್ರಿ, ಆಗ ಏನೂ ಆಗಿರಲಿಲ್ಲ."

ಎರಡು ಸಲ ಆಫ್ ಎಂದರೆ ಲಾಗ್ ಎರಡು ಸಲ ಸತ್ತಿದೆ ಎಂದರ್ಥ. ನನಗೆ ಸಿಟ್ಟು ಬಂತು. ನನ್ನ ಮೇಲೆ ಬರಬೇಕಾದ ಸಿಟ್ಟು ಅದು, ಬಂದದ್ದು ಅವರ ಮೇಲೆ. ತಾನಾಗಿ ಕೆಟ್ಟು ತಾನಾಗಿ ಸರಿಯಾಗುವ ಅನುಮತಿಯನ್ನು ನಾನು ಈವರೆಗೆ ಕಂಡಿರಲಿಲ್ಲ. ಅಷ್ಟರಲ್ಲಿ ಕಲಬುರಗಿಯಿಂದ ಸಂಸ್ಥೆಯ ಸಂಯೋಜಕರು ಫೋನ್ ಮಾಡಿದರು.

"ಏನಂತದರೀ ನಿಂಬರ್ಗಾ? ಬೇರೆ ಎಲ್ಲೂ ಇಲ್ಲದ್ದು ಅಲ್ಲಷ್ಟ ಯಾಕ? ಮುಂಜಾನಿ ಕೆಲಸ ಮಾಡಾಕ ಬ್ಯಾಸರಾದ್ರ ಹಂಗ ಹೇಳ್ತಾರೋ ಏನೋ. ನೀವು ನೋಡಿದ್ದನ್ನ ರಜಿಸ್ಟರ್‌ನಾಗ ಬರದು ಸಹಿ ಮಾಡಿ ಬರ್ರಿ."

ನಾನು ನೋಡಿದ್ದು ಸರಿಯಿದ್ದ ಯಂತ್ರವನ್ನು. ಹಾಗೇ ಬರೆದೆ: "ಪರೀಕ್ಷಿಸಲಾಗಿದೆ. ಯಂತ್ರದಲ್ಲಿ ದೋಷವಿಲ್ಲ." ಗಿರಣಿಯ ಸದ್ದಿನಲ್ಲಿ ಅದನ್ನು ಫೋನಿಗೆ ಕೂಗಿ ಓದಿ ಹೇಳಿ, ಸಹಿ ಮಾಡಿದೆ. ಬಾಯಿ ಅದನ್ನು ಓದಿದರು. ರಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡು ಮುಂದಿನವರ ಹೆಸರು ಕೇಳಿದರು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ನನ್ನನ್ನು, ಅವರನ್ನು ನೋಡುತ್ತಿದ್ದಳು. ಬೆಳಗ್ಗೆಯಿಂದ ಕಾಯುತ್ತಿದ್ದವಳು ಅವಳು. ನಾನು ಬಸ್ಸು ಹಿಡಿದೆ.

ಮೂರನೆಯ ವಾರ ಫೋನ್ ಮಾಡಿದ್ದು ಬಾಯಿ ಅಲ್ಲ, ಸಂಯೋಜಕರು. ಮತ್ತೆ ಅದೇ ತಕರಾರು ಬಂದಿದೆ, ಜನ ವಾಪಸು ಹೋಗುತ್ತಿದ್ದಾರೆ, ಊರಿನಿಂದಲೂ ದೂರು ಬಂದಿದೆ, ಹಾಗಾಗಿ ಆಪರೇಟರ್‌ಗೆ ನೋಟಿಸ್ ಕೊಟ್ಟಿದ್ದೇವೆ ಎಂದರು. ಮುಂದಿನ ವಾರದ ಬುಧವಾರ ಸಭೆ. ಆಕೆಯನ್ನು ತೆಗೆದು ಕೇಂದ್ರವನ್ನೇ ಬೇರೆ ಊರಿಗೆ ಒಯ್ಯುವ ವಿಚಾರವಿದೆ.

"ಯಾವ ಆಧಾರದ ಮ್ಯಾಲೆ ಸರ್?"

"ನೀವ ಬರದೀರಲ್ರೀ, ದೋಷ ಇಲ್ಲ ಅಂತ."

ದೋಷ ಕಾಣಲಿಲ್ಲ ಎಂದು ಬರೆಯಬೇಕಾಗಿತ್ತು. ದೋಷವಿಲ್ಲ ಎಂದು ಬರೆದಿದ್ದೆ. ಎರಡಕ್ಕೂ ಇರುವ ಅಂತರಕ್ಕೆ ಒಬ್ಬರ ಕೆಲಸವೇ ಹೋಗಬಹುದು ಎಂದು ಬರೆಯುವಾಗ ಹೊಳೆದಿರಲಿಲ್ಲ.

ಮರುದಿನವೇ, ಬುಧವಾರ, ಮಟಕಿಗೆ ಹೋದೆ. ಮಟಕಿ ಕೇಂದ್ರದ ಯಂತ್ರವನ್ನೂ ನಿಂಬರ್ಗಾದ ಯಂತ್ರವನ್ನೂ ಎರಡು ತಿಂಗಳ ಹಿಂದೆ, ಆ ಕೇಂದ್ರಗಳು ಶುರುವಾಗುವಾಗ, ಒಂದೇ ದಿನ, ಒಂದೇ ಪೆನ್‌ಡ್ರೈವಿನಿಂದ ಸಿದ್ಧಮಾಡಿದ್ದೆ. ಅದರ ಅನುಮತಿಗಳು, ಕಾವಲಿನ ನಿಯಮಗಳು, ಹಿಂಬದಿಯಲ್ಲಿ ತಾವಾಗಿ ಓಡುವ ಕೆಲಸಗಳ ಪಟ್ಟಿ ಎಲ್ಲ ನಕಲು ಮಾಡಿಕೊಂಡು, ಗುರುವಾರ ನಿಂಬರ್ಗಾಕ್ಕೆ ಹೋಗಿ ಸಾಲಿಗೆ ಸಾಲು ಇಟ್ಟು ನೋಡಿದೆ. ಒಂದಕ್ಷರ ವ್ಯತ್ಯಾಸವಿಲ್ಲ. ಮಟಕಿಯಲ್ಲಿ ಒಂದು ದಿನವೂ ಕೆಟ್ಟಿಲ್ಲ. ಇಲ್ಲಿ ಕೆಡುತ್ತದೆ. ಕಣ್ಣು ಉರಿಯುತ್ತಿತ್ತು, ಗಿರಣಿ ತಲೆಯೊಳಗೇ ತಿರುಗಿದ ಹಾಗಿತ್ತು. ಕಾವಲನ್ನೇ ಪೂರ್ತಿ ತೆಗೆದುಬಿಡೋಣ, ಬ್ರೌಸರ್ ಏನು ಬೇಕಾದರೂ ಮುಟ್ಟಲಿ, ನನಗೂ ನಿದ್ದೆ ಬರಲಿ ಎಂದು ಒಂದು ಗಳಿಗೆ ಅನ್ನಿಸಿತು. ಕಮಾಂಡ್ ಅರ್ಧ ಬರೆದೂ ಇದ್ದೆ. ಆದರೆ ಆ ಡಿಸ್ಕಿನಲ್ಲಿ ಇಡೀ ಊರಿನ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳಿವೆ. ಅಳಿಸಿದೆ.

ಬದಲಿಗೆ ರಜಿಸ್ಟರ್ ಕೇಳಿದೆ. ಬಾಯಿ ಕೊಟ್ಟರು, ಆದರೆ ಮೊದಲಿನ ಹಾಗೆ ಚಹಾ ತರಿಸಲಿಲ್ಲ. ಕೆಲಸ ಆಗದೆ ವಾಪಸು ಹೋದವರ ಹೆಸರುಗಳನ್ನು ಅವರು ಕೆಂಪು ಶಾಯಿಯಲ್ಲಿ ಬರೆದಿದ್ದರು. ಪಕ್ಕದಲ್ಲಿ ದಿನಾಂಕ, ಹೊತ್ತು ಇದ್ದವು, ಯಾವ ವಾರ ಎಂದಿರಲಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ, ಕೆಂಪು ಹೆಸರುಗಳ ದಿನಾಂಕಕ್ಕೆಲ್ಲ ಬೆರಳಿಟ್ಟು ನೋಡುತ್ತ ಬಂದೆ. ಮಂಗಳವಾರ. ಮತ್ತೆ ಮಂಗಳವಾರ. ನನಗೆ ಫೋನ್ ಮಾಡುವ ಮೊದಲಿನ ವಾರಗಳಲ್ಲೂ ಮಂಗಳವಾರವೇ. ಅದೂ ಮುಂಜಾನೆ ಮಾತ್ರ.

ಆವತ್ತೇ ಬಾಯಿಗೆ ಹೇಳಬಹುದಿತ್ತು, ಹೇಳಲಿಲ್ಲ. ಯಂತ್ರಕ್ಕೆ ವಾರ ಗೊತ್ತಾಗುವುದಿಲ್ಲ, ಮನುಷ್ಯರಿಗೆ ಗೊತ್ತಾಗುತ್ತದೆ ಎಂಬ ಅನುಮಾನ ಇನ್ನೂ ಒಳಗಿತ್ತು. ಸೋಮವಾರ ಸುದ್ದಿಯಿಲ್ಲದೆ ಬಂದು, ಕೇಂದ್ರ ಮುಚ್ಚುವಾಗಿನ ಅನುಮತಿಗಳನ್ನು ಬರೆದುಕೊಳ್ಳಬೇಕು, ಮಂಗಳವಾರ ಬಾಗಿಲು ತೆರೆಯುವ ಮೊದಲೇ ಬಂದು ಹೋಲಿಸಬೇಕು. ನಡುವೆ ಯಾರು ಏನು ಮುಟ್ಟುತ್ತಾರೆ ಎಂಬುದು ಆಗ ಗೊತ್ತಾಗುತ್ತದೆ. ಇದು ನಾನು ಮಾಡಿದ ನಿರ್ಧಾರ. ಸರಿಯಾದ ನಿರ್ಧಾರವನ್ನು ಕೆಟ್ಟ ಮನಸ್ಸಿನಿಂದ ಮಾಡಿದೆ.

ಸೋಮವಾರ ಹನ್ನೊಂದಕ್ಕೆ ನಿಂಬರ್ಗಾದಲ್ಲಿ ಇಳಿದೆ. ಕೇಂದ್ರದ ಹತ್ತಿರ ಬಂದಾಗ ಏನೋ ಕಡಿಮೆಯಾದಂತೆ ಅನ್ನಿಸಿತು. ಏನೆಂದು ತಿಳಿಯಲು ತುಸು ಹೊತ್ತು ಬೇಕಾಯಿತು. ಗಿರಣಿಯ ಸದ್ದಿರಲಿಲ್ಲ. ಬಾಗಿಲಲ್ಲಿ ಇಣುಕಿದರೆ ಗಿರಣಿಯ ಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಒಂದು ಹೂವಿಟ್ಟಿದ್ದರು. ಮಗ್ಗುಲ ಕೋಣೆಯಲ್ಲಿ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿತ್ತು. ಬಾಯಿ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೈಯಲ್ಲಿ ಅರ್ಜಿ ತುಂಬುತ್ತಿದ್ದರು. ಎದುರಿಗೆ ನಾಲ್ಕು ಜನ.

"ಕರೆಂಟ್ ಹೋಗ್ಯದೇನ್ರಿ?"

"ಇಲ್ರಿ. ಸೋಮವಾರಲ್ರಿ ಇವತ್ತ" ಎಂದರು, ಇದೇನು ಕೇಳುತ್ತಾನೆ ಎಂಬಂತೆ.

ಗಿರಣಿಯ ಮಾಲಕರು ಒಳಗಿನಿಂದ ಬಂದರು. ಬಸವಣ್ಣನವರ ದಾರಿ ಹಿಡಿದ ಮನೆತನದ ಹಿರಿಯರು, ಹಣೆ ತುಂಬ ವಿಭೂತಿ. "ಬರ್ರಿ, ಕುಂಡ್ರಿ" ಎಂದರು. "ನಮ್ಮ ಮನ್ಯಾಗ ಸೋಮವಾರ ಎತ್ತು ಹೂಡಾಂಗಿಲ್ರಿ. ನಮ್ಮ ಅಜ್ಜಾರ ಕಾಲದಿಂದ ಬಂದದ್ದು. ಗಿರಣಿ ಹಾಕಿದ ಮ್ಯಾಲೆ ಅದಕ್ಕೂ ಸೋಮವಾರ ಬಿಡುವು ಕೊಟ್ಟೀವಿ. ದುಡಿಯೋದು ಅಂದ ಮ್ಯಾಲೆ ಎತ್ತಾದ್ರೇನು, ಕಲ್ಲಾದ್ರೇನು? ಮೇನ್ ಸ್ವಿಚ್ಚೇ ಇಳಿಸ್ತೀವಿ."

"ಈ ಕೋಣಿ ಲೈನು?"

"ಅದೂ ಗಿರಣಿ ಮೀಟರ್‌ನಾಗಿಂದ ಅದಲ್ರಿ. ಈ ಬೇಟಿಗೆ, ನಮ್ಮ ಮಗಳಿದ್ದಂಗ, ಮೊದಲ ಹೇಳೀನಿ. ಆಕಿ, ಆಗಲಿ ಕಾಕಾ, ಅವತ್ತ ನಾ ಕೈಲೇ ಬರಕೋತೇನಿ, ಮಂಗಳವಾರ ಮುಂಜಾನೆ ಎಲ್ಲಾ ಕಂಪ್ಯೂಟರ್‌ಗೆ ಹಾಕ್ತೇನಿ ಅಂದ್ಳು."

ನಾನು ಬಾಯಿಯ ಕಡೆ ತಿರುಗಿದೆ. "ಇದನ್ನ ನನಗ್ಯಾಕ ಹೇಳಲಿಲ್ರಿ ಬಾಯಾರ?"

"ಇದರಾಗ ಹೇಳೋದೇನದ್ರಿ ಸರ್ರ? ಊರಿಗೆಲ್ಲ ಗೊತ್ತದ."

ಕಟ್ಟೆಯ ಮೇಲೆ ಕೂತುಬಿಟ್ಟೆ.

ನಡೆದದ್ದು ಇಷ್ಟು. ವರ್ಷದ ಹಿಂದೆ ಯಾರದೋ ಪೆನ್‌ಡ್ರೈವಿನಿಂದ ಒಂದು ಕೇಂದ್ರಕ್ಕೆ ವೈರಸ್ ಬಂದಿತ್ತು. ಆಗ ನಾನೊಂದು ಪುಟ್ಟ ಪ್ರೋಗ್ರಾಂ ಬರೆದು ಎಲ್ಲ ಯಂತ್ರಗಳಿಗೂ, ಆಮೇಲೆ ಶುರುವಾದ ಕೇಂದ್ರಗಳ ಯಂತ್ರಗಳಿಗೂ ಹಾಕಿದ್ದೆ. ಸೋಮವಾರ ಮಧ್ಯಾಹ್ನ ಒಂದೂವರೆಗೆ, ಎಲ್ಲರೂ ಊಟಕ್ಕೆ ಹೋದ ಹೊತ್ತಲ್ಲಿ, ಅದು ಮೊದಲು ಬ್ರೌಸರ್‌ನ ಅನುಮತಿಗಳನ್ನೆಲ್ಲ ಕಿತ್ತುಕೊಳ್ಳುತ್ತದೆ. ಆಮೇಲೆ ಎಲ್ಲ ಫೈಲುಗಳಲ್ಲಿ ವೈರಸ್ ಹುಡುಕುತ್ತದೆ. ಹುಡುಕುವಾಗ ಹೊಸ ಫೈಲ್ ನುಸುಳಬಾರದೆಂದು ಈ ಏರ್ಪಾಡು. ಕಿತ್ತುಕೊಂಡ ಅನುಮತಿಗಳನ್ನು ವಾಪಸು ಕೊಡಲು ಇನ್ನೊಂದು ಪ್ರೋಗ್ರಾಂ, ದಿನಾಲೂ ಎರಡೂಕಾಲಿಗೆ. ಎಲ್ಲರೂ ಊಟ ಮುಗಿಸಿ ಬರುವುದರೊಳಗೆ ಎಲ್ಲ ಮೊದಲಿನಂತೆ. ಯಾವ ವಾರದ ತಪಾಸಣೆಯೂ ತಪ್ಪಬಾರದು ಎಂದು ಸಂಸ್ಥೆಯವರು ಹೇಳಿದ್ದರಿಂದ ಇನ್ನೊಂದು ಸಾಲು ಸೇರಿಸಿದ್ದೆ: ಆ ಹೊತ್ತಿಗೆ ಯಂತ್ರ ಆಫ್ ಇದ್ದರೆ ಮುಂದೆ ಆನ್ ಆದ ಕೂಡಲೇ ತಪಾಸಣೆ ಮಾಡು.

ನಿಂಬರ್ಗಾದ ಯಂತ್ರ ಸೋಮವಾರ ಆನ್ ಆಗುವುದೇ ಇಲ್ಲ. ಮಂಗಳವಾರ ಮುಂಜಾನೆ ಬಾಯಿ ಆನ್ ಮಾಡಿದ ಕೂಡಲೇ ತಪ್ಪಿದ ತಪಾಸಣೆ ಓಡುತ್ತದೆ, ಫ್ಯಾನ್ ಒದರುತ್ತದೆ, ಅನುಮತಿಗಳು ಹೋಗುತ್ತವೆ. ವಾಪಸು ಬರುವುದು ಮಧ್ಯಾಹ್ನ ಎರಡೂಕಾಲಿಗೆ. ಸೋಮವಾರದ ಕಾಗದಗಳೆಲ್ಲ ಸೇರಿ ವಾರದಲ್ಲಿ ಅತಿ ಹೆಚ್ಚು ಜನ ಬರುವುದೂ ಅದೇ ಮುಂಜಾನೆ. ಒಂದು ಕೆಲಸ ಮುಗಿದ ಮೇಲೆ ಇನ್ನೊಂದು ಶುರುವಾಗಲಿ ಎಂದು ಬರೆಯಬೇಕಿತ್ತು. ನಾನು ಗಡಿಯಾರವನ್ನು ನಂಬಿದೆ. ತಪಾಸಣೆಯ ವರದಿ ಪ್ರತಿವಾರ ನನಗೇ ಬರುತ್ತಿತ್ತು. ಎಲ್ಲ ಕೇಂದ್ರಗಳ ಮುಂದೆ ಹಸಿರು ಗುರುತು. ದಿನಾಂಕದ ಕಾಲಂ ನಾನು ಒಮ್ಮೆಯೂ ನೋಡಿರಲಿಲ್ಲ.

ಊಹೆ ಸಾಲದು, ಒಮ್ಮೆ ಊಹೆಯ ಮೇಲೆ ಸಹಿ ಮಾಡಿ ಆಗಿತ್ತು. ಆಳಂದದಲ್ಲಿ ಉಳಿದು ಮಂಗಳವಾರ ಮೊದಲ ಬಸ್ಸಿಗೆ ಬಂದೆ. ಬಾಯಿ ಯಂತ್ರ ಆನ್ ಮಾಡಿದರು. ನಾನು ಪಕ್ಕದಲ್ಲಿ ಕೂತು ಲಾಗ್ ತೆರೆದಿಟ್ಟೆ. ಎರಡು ನಿಮಿಷಕ್ಕೆ ಫ್ಯಾನ್ ಒದರತೊಡಗಿತು. ಲಾಗ್‌ನಲ್ಲಿ ನನ್ನದೇ ಪ್ರೋಗ್ರಾಂನ ಹೆಸರು ಬಂತು. ಬಾಯಿ ಒಂದು ಅರ್ಜಿ ತೆರೆದು ಫೈಲ್ ಆರಿಸಿದರು. ಅನುಮತಿ ಇಲ್ಲ.

"ಬಂತ್ರಿ! ನೋಡ್ರಿ ಸರ್ರ, ಬಂತು!" ಅವರ ದನಿಯಲ್ಲಿ ಖುಷಿ ಇತ್ತು. ಯಂತ್ರ ಕೆಟ್ಟಿತೆಂದು ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ. ಕಣ್ಣಲ್ಲಿ ನೀರೂ ಇತ್ತು, ಸೆರಗಿನಿಂದ ಒರೆಸಿಕೊಂಡರು. ನನಗೆ ತಲೆ ಎತ್ತಲಾಗಲಿಲ್ಲ.

ಸರಿಪಡಿಸಲು ಹಿಡಿದದ್ದು ಅರ್ಧ ಗಂಟೆಯೂ ಅಲ್ಲ. ತಪಾಸಣೆ ಮುಗಿದೊಡನೆ ಅನುಮತಿಗಳು ವಾಪಸು ಬರುವಂತೆ ಎರಡನ್ನೂ ಒಂದಕ್ಕೊಂದು ಗಂಟುಹಾಕಿದೆ. ಲಾಗನ್ನು ಡಿಸ್ಕಿನಲ್ಲೇ ಉಳಿಯುವಂತೆ ಮಾಡಿದೆ. ನಿಂಬರ್ಗಾದ ತಪಾಸಣೆಯನ್ನು ಗುರುವಾರಕ್ಕೆ ಸರಿಸಿದೆ. ಯಾಕೆ ಗುರುವಾರ ಎಂದು ಮುಂದೆ ಯಾರಾದರೂ ಕೇಳಿಯಾರೆಂದು ಅಲ್ಲೇ ಒಂದು ಸಾಲು ಬರೆದಿಟ್ಟೆ: ಇಲ್ಲಿ ಸೋಮವಾರ ಯಂತ್ರ ಹೂಡುವುದಿಲ್ಲ.

ಸಂಯೋಜಕರಿಗೆ ಫೋನ್ ಮಾಡಿ ಹೇಳಿದೆ.

"ಆತು ಬಿಡ್ರಿ, ಸಿಕ್ತಲ್ಲ. ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಆಗಿತ್ತು ಅಂತ ಬರದು ಕಳಸ್ರಿ. ನಿಮ್ಮ ಹೆಸರು ಯಾಕ ಹಾಕ್ತೀರಿ? ನಿಮ್ಮ ಗುತ್ತಿಗಿ ಹೊಸದು ಮಾಡೋ ಟೈಮ್ ಬಂದದ."

ಅವರು ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರು. ಒಂದು ಗಳಿಗೆ ನನಗೂ ಹೌದೆನ್ನಿಸಿತು. ಮೂರು ವಾರದ ಬಸ್ಸು, ಬಿಸಿಲು, ಹಿಟ್ಟು ಎಲ್ಲ ಸಾಕಾಗಿತ್ತು. ಫೋನ್ ಇಟ್ಟು ತಿರುಗಿದರೆ ಬಾಯಿ ಆ ರಜಿಸ್ಟರನ್ನು ಮೇಜಿನ ಮೇಲೆ ಬಿಚ್ಚಿ, ನನ್ನ ಕಡೆಗೆ ತಿರುಗಿಸಿ ಇಟ್ಟಿದ್ದರು. "ಯಂತ್ರದಲ್ಲಿ ದೋಷವಿಲ್ಲ" ಎಂಬ ಪುಟ. ಪೆನ್ನೂ ಇತ್ತು.

ಅದರ ಕೆಳಗೆ ಬರೆದೆ: "ಮೇಲಿನ ಮಾತು ತಪ್ಪು. ಮಂಗಳವಾರ ಮುಂಜಾನೆ ಆಗುತ್ತಿದ್ದ ತೊಂದರೆಗೆ ಕಾರಣ ನಾನು ಬರೆದ ಪ್ರೋಗ್ರಾಂ. ಆಪರೇಟರ್ ಹೇಳಿದ್ದೆಲ್ಲ ನಿಜ." ಸಹಿ ಮಾಡಿ, ಫೋಟೋ ತೆಗೆದು ಸಂಸ್ಥೆಗೂ ಕಳಿಸಿದೆ. ನೋಟಿಸ್ ಹಿಂದೆಗೆದುಕೊಳ್ಳುತ್ತೇವೆ ಎಂದು ಒಂದು ಸಾಲಿನ ಉತ್ತರ ಬಂತು. ಗುತ್ತಿಗೆಯ ಮಾತು ಅದರಲ್ಲಿರಲಿಲ್ಲ.

ಚೀಲ ಹೆಗಲಿಗೇರಿಸಿದೆ. ಕಲಬುರಗಿ ಬಸ್ಸಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು.

"ಸರ್ರ" ಎಂದರು ಬಾಯಿ. "ಸಂಸ್ಥಾದವ್ರು ನಂಬಿದ್ರು, ಖರೆ. ಈ ಕೆಂಪು ಹೆಸರಿನವ್ರು? ಕೆಲಸ ಮಾಡಾಕ ಮನಸ್ಸಿಲ್ಲ, ಅದಕ್ಕ ಸುಳ್ಳು ಹೇಳ್ತಾಳ ಅಂತ ಊರಾಗ ಮಾತಾಡ್ಯಾರ್ರಿ. ನಾ ಹೋಗಿ ಹೇಳಿದ್ರ ನಂಬಾಂಗಿಲ್ಲ. ನೀವು ಜರಾ ನನ್ನ ಸಂಗಾಟ ಬರ್ರಿ."

ಚೀಲ ಕೆಳಗಿಟ್ಟು ಹೊರಟೆ. ಬಾಯಿ ರಜಿಸ್ಟರನ್ನು ಎದೆಗವಚಿಕೊಂಡು ಮುಂದೆ, ನಾನು ಹಿಂದೆ. ಮನೆ ಮನೆಯ ಅಂಗಳದಲ್ಲಿ ನಿಂತು ಅದೇ ಮಾತು ಹೇಳಿದೆ: ತಪ್ಪು ನಂದು, ಬಾಯಾರದಲ್ಲ. ಒಬ್ಬರು ನಕ್ಕರು, ಒಬ್ಬರು ನೀರು ಕೊಟ್ಟರು. ಒಬ್ಬಾತ ಮಗಳ ವಿದ್ಯಾರ್ಥಿವೇತನದ ಕೊನೆಯ ದಿನ ಹೋಯಿತಲ್ಲ, ಅದನ್ನೇನು ಮಾಡ್ತೀರಿ ಎಂದು ಕೇಳಿದ. ನನ್ನಿಂದ ಏನೂ ಮಾಡಲಾಗದು ಎಂದೇ ಹೇಳಿದೆ.

ಕೊನೆಯ ಮನೆ ಆ ಮುದುಕಿಯದು, ಕಟ್ಟೆಯ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದವಳದು. ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿ ಮೊರ ಕೆಳಗಿಟ್ಟಳು.

"ಮೂರು ಸಲ ತಿರಿಗಿ ಬಂದಾಗೂ ನಾ ಈಕಿಗೆ ಒಂದ ಮಾತು ಅಂದಿರಲಿಲ್ಲಪ್ಪ" ಎಂದಳು. "ಅವತ್ತ ನೀ ಬಂದು, ಏನೂ ಆಗಿಲ್ಲ ಅಂತ ಬರದು, ಸಹಿ ಮಾಡಿ ಹೋದಿ ನೋಡು. ಓದಿದಾಂವ ಬರದಾನ, ಅಂದ್ಮ್ಯಾಲೆ ಈಕೀನ ಸುಳ್ಳು ಅಂತ ಅವತ್ತಿನಿಂದ ಅಂದೆ."

ಬಾಯಿ ರಜಿಸ್ಟರ್ ಬಿಚ್ಚಿ ಆಕೆಯ ಹೆಸರಿನ ಮುಂದೆ ಸರಿ ಗುರುತು ಹಾಕಿದರು. ಬಸ್ಸು ಹೋಗಿಯಾಗಿತ್ತು. ಮುದುಕಿ ಬಾಯಿಯ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು. ನನಗೆ ಕೂಡು ಅನ್ನಲಿಲ್ಲ, ನಾನೂ ನಿಂತೇ ಇದ್ದೆ.